ತೂಕ ಕೆಳಗಿರಬೇಕು

ಸಾಹೇಬರೆ, ಮೊದಲು ಆ ಮೂರನ್ನು ಚೀಲದಲ್ಲೇ ಬಿಡಿ.
ಗೊತ್ತು, ಮುಂಬೈಯಿಂದ ತರಿಸಿದ್ದು,
ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿಲ್ಲ,
ಟೊಪ್ಪಿಗೆಯ ಮೇಲೆ ಹುಲಿಯ ಮೋರೆ ಬೇರೆ.
ಆದರೆ ಬೋಳು ಹುಲ್ಲಿನ ಮೇಲೆ ಕೂತ ಚೆಂಡನ್ನು
ಅದರಿಂದ ಎತ್ತುವುದಕ್ಕೆ ಇಪ್ಪತ್ತೈದರ ಸೊಂಟ ಬೇಕು.
ನಿಮ್ಮದು ಅರವತ್ತೊಂದು.
ನನ್ನದೂ ಹೆಚ್ಚುಕಡಿಮೆ ಅಷ್ಟೇ.

ವುಡ್ ಅಂತೀರಿ.
ಹದಿನಾಲ್ಕು ವರ್ಷದಿಂದ ಹೊರುತ್ತಿದ್ದೇನೆ,
ಮರದ ಒಂದು ಚಕ್ಕೆ ಕಂಡಿಲ್ಲ ಇದರಲ್ಲಿ.
ಉಗುರಿನಿಂದ ಬಡಿದರೆ ಬೋಗುಣಿಯ ಸದ್ದು.
ಹೆಸರೊಂದು ಉಳಿದಿದೆ, ಅಷ್ಟೇ,
ಕಾರವಾರದ ಬಸ್ಸಿನಲ್ಲಿ ಇನ್ನೂ ಕೆಲವು ಮುದುಕಿಯರು
ಇಲ್ಲದ ಊರಿಗೆ ಟಿಕೆಟ್ ಕೇಳುವ ಹಾಗೆ.
ಕಂಡಕ್ಟರ್ ಹೊಸಬನಾದರೆ ಗದರುತ್ತಾನೆ.
ಹಳಬ ಸುಮ್ಮನೆ ಹರಿದು ಕೊಡುತ್ತಾನೆ.

ಕ್ಷಮಿಸುವ ಕೋಲು ಯಾವುದು ಅಂದಿರಿ.
ನನ್ನಪ್ಪ ತಾಂಡೇಲ,
ಗಾಲ್ಫ್ ಎಂಬ ಶಬ್ದ ಕಿವಿಗೆ ಬೀಳದೆ ಸತ್ತ.
ಬೈತಕೋಲದ ದಂಡೆಗೆ ಹೊಸ ದೋಣಿ ನೋಡಲು ಹೋದರೆ
ಬಣ್ಣ ನೋಡುತ್ತಿರಲಿಲ್ಲ, ಬಗ್ಗಿ ಹೊಟ್ಟೆ ತಟ್ಟುತ್ತಿದ್ದ.
‘ತೂಕ ಕೆಳಗಿರಬೇಕು ಪುರ್ಸೋ, ತೂಕ ಹಿಂದಿರಬೇಕು.
ಚುಕ್ಕಾಣಿ ಹಿಡಿದವನ ಕೈ ಒಂದಲ್ಲ ಒಂದು ದಿನ ತಪ್ಪುತ್ತದೆ.
ತಪ್ಪಿದಾಗ ಮಗುಚುವ ದೋಣಿ
ಎಷ್ಟು ಜೋರು ಓಡಿದರೇನು?’

ನನಗೆ ಗೊತ್ತಿರುವುದು ಇಷ್ಟೇ.
ತಲೆ ಅಗಲವಿರಲಿ, ಮುಖ ಗಿಡ್ಡ,
ತಳ ನುಣುಪು, ಮರಳು ಕಚ್ಚದ ಹಾಗೆ.
ದಂಡ ಎರಡು ಬೆರಳು ಮೋಟಾದರೂ ನಷ್ಟವಿಲ್ಲ.
ಮುಖ ಮಾತ್ರ ಚೂರು ಆಕಾಶ ನೋಡುತ್ತಿರಲಿ.
ಹಿಮ್ಮಡಿಗೆ ತಾಗಿದರೂ ಮೂಗಿಗೆ ತಾಗಿದರೂ
ಚೆಂಡು ಎಲ್ಲೋ ಒಂದು ಕಡೆ,
ನಿಮ್ಮ ಮರ್ಯಾದೆ ಉಳಿಯುವಷ್ಟು ದೂರದಲ್ಲಿ, ಬೀಳುತ್ತದೆ.
ಇಪ್ಪತ್ತು ಗಜ ಕಡಿಮೆ, ಹೌದು.
ನಡೆದರಾಯಿತು. ಸಕ್ಕರೆ ಡಾಕ್ಟರು
ನಡೆಯಿರಿ ಅಂತಲೇ ಅಲ್ಲವೇ ಇಲ್ಲಿಗೆ ಕಳಿಸಿದ್ದು?

ಭುಲ್ಲರ್ ಅಂತ ಒಬ್ಬ ಕಮಾಂಡರ್ ಇದ್ದರು.
ಏಳು ನಂಬರು ಹೆಂಗಸರಿಗೆ, ನನಗೆ ಮೂರು ತಾ, ಅನ್ನುವರು.
ಮೂರು ತಿಂಗಳು ಚೆಂಡು ನೆಲ ಕೆರೆಯುತ್ತ ಓಡಿತು, ಹೆದರಿದ ಏಡಿ.
ಒಂದು ಸಂಜೆ ನಾನು ಏಳರ ತಳಕ್ಕೆ
ನಂಬರು ಕಾಣದಷ್ಟು ಕೆಸರು ಮೆತ್ತಿ ಕೈಗಿಟ್ಟೆ.
ಗಾಳಿಮರದ ತಲೆ ದಾಟಿ ಹೋಯಿತು ಚೆಂಡು,
ಸಮುದ್ರದ ಗಾಳಿ ಒಂದು ಗಳಿಗೆ ಎತ್ತಿ ಹಿಡಿದು
ಬಾವುಟದ ಪಕ್ಕ ಇಳಿಸಿತು.
‘ನೋಡಿದೆಯಾ ನನ್ನ ಮೂರು!’
ನೋಡಿದೆ ಸಾಹೇಬ್, ಅಂದೆ.
ವಿಶಾಖಪಟ್ಟಣಕ್ಕೆ ವರ್ಗವಾಗುವವರೆಗೆ ದಿನಾ
ಕೋಲನ್ನೆಲ್ಲ ಒರೆಸಿ, ಆ ಒಂದು ಕೆಸರನ್ನು ಬಿಡುತ್ತಿದ್ದೆ.

ಆ ಬಾವುಟ ಇದೆಯಲ್ಲ, ಐದನೇ ಕುಳಿ,
ಅಲ್ಲಿ ನಮ್ಮ ರಂಪಣಿ ಒಣಗುತ್ತಿತ್ತು.
ಬಲೆ ಹರಡಿದರೆ ಈ ಮೈದಾನ ಸಾಲುತ್ತಿರಲಿಲ್ಲ.
ಎಲ್ಲರೂ ಕೇಳುತ್ತಾರೆ, ಸಿಟ್ಟಿಲ್ಲವಾ ಪುರ್ಸೋ ಅಂತ.
ನೀವು ಕೇಳಲಿಲ್ಲ, ಅದಕ್ಕೆ ಹೇಳಿದೆ.
ಕ್ಷಮಿಸುವುದು ಕೋಲಿನ ಕೆಲಸ.
ನಾನು ಹೊರುವವನು.

ಹಾಂ, ಗಾಳಿ ತಿರುಗಿತು, ಮೂರೂವರೆ ಆಯಿತು ಅಂತ ಲೆಕ್ಕ.
ಏಳು ಹಿಡಿಯಿರಿ.
ಅಯ್ಯೋ, ಕುತ್ತಿಗೆ ಹಿಸುಕಿದ ಹಾಗಲ್ಲ ಮಾರಾಯ್ರೆ.
ಈಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆ ಅಂದುಕೊಳ್ಳಿ,
ಜೀವ ಇದೆ ಅದಕ್ಕೆ,
ಜಾರಲೂಬಾರದು.